ಅಂಚೆ ಚೀಟಿಯ ಮೇಲೆ ರಾಜ-ರಾಣಿಯರ ಮುಖ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬೆಲೆಯ ವಿಷಯ ಇಲ್ಲ. "ಅಜ್ಜನ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರಾಣಿ ಸ್ಟಾಂಪು ಸಿಕ್ಕಿದೆ, ಎಷ್ಟಕ್ಕೆ ಹೋಗುತ್ತೆ?" ಅನ್ನುವವರಿಗೆ ನನ್ನ ಉತ್ತರ ಒಂದೇ: ಹೆಚ್ಚಿನವು ಹೇಳಿಕೊಳ್ಳುವಷ್ಟಕ್ಕೇನೂ ಹೋಗುವುದಿಲ್ಲ, ಸುಮ್ನೆ ಇಟ್ಟುಕೊಳ್ಳಿ. ಇಲ್ಲಿರುವುದು ಆ ಮುಖದ ವಿಷಯ. ಎರಡು ಸೆಂಟಿಮೀಟರ್ ಅಗಲದ ಕಾಗದದ ಮೇಲೆ ಒಬ್ಬ ರಾಜನನ್ನೋ ರಾಣಿಯನ್ನೋ ಹೇಗೆ ಕೂರಿಸುತ್ತಾರೆ, ಯಾರು ಚೆನ್ನಾಗಿ ಕೂರಿಸಿದರು, ಯಾರು ಎಡವಿದರು. ಬ್ರಿಟನ್ನಿನ ಮಾತು ಜಾಸ್ತಿ ಬರುತ್ತದೆ. ಈ ಪದ್ಧತಿ ಶುರುವಾದದ್ದೇ ಅಲ್ಲಿ. ನಮ್ಮ ಅಜ್ಜ-ಮುತ್ತಜ್ಜಂದಿರ ಕಾಗದಗಳೂ ಆ ಮುಖಗಳನ್ನು ಅಂಟಿಸಿಕೊಂಡೇ ಊರೂರು ಸುತ್ತಿದವು.

ಸ್ಟಾಂಪಿಗೆ ರಾಣಿಯ ಮುಖವೇ ಯಾಕೆ ಬಂತು? ಹೂವೋ ಸಿಂಹವೋ ಸಾಕಾಗುತ್ತಿರಲಿಲ್ವಾ?

ರಾಜಭಕ್ತಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದೂ ಇತ್ತು ಅನ್ನಿ. ಆದರೆ ದೊಡ್ಡ ಕಾರಣ ಕಳ್ಳ ಅಚ್ಚಿನ ಭಯ.

ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಕಾಗದ ಬಂದವರೇ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು, ದೂರ ಹೆಚ್ಚಿದಷ್ಟೂ ದರ ಹೆಚ್ಚು. 1837ರಲ್ಲಿ ರೋಲೆಂಡ್ ಹಿಲ್ ಎಂಬಾತ ಇದನ್ನು ತಲೆಕೆಳಗು ಮಾಡುವ ಯೋಜನೆ ಬರೆದ. ಕಳಿಸುವವರೇ ಮೊದಲು ದುಡ್ಡು ಕಟ್ಟಲಿ, ದೇಶದೊಳಗೆ ಎಲ್ಲಿಗಾದರೂ ಒಂದೇ ದರ ಇರಲಿ ಅಂತ. ಹಾಗಾದರೆ ದುಡ್ಡು ಕಟ್ಟಿದ್ದಕ್ಕೆ ಒಂದು ಗುರುತು ಬೇಕು. ಆ ಗುರುತನ್ನು ಯಾರಾದರೂ ಮನೆಯಲ್ಲೇ ಅಚ್ಚು ಹಾಕಿಕೊಂಡರೆ? 1839ರಲ್ಲಿ ಸರ್ಕಾರ ಒಂದು ಸ್ಪರ್ಧೆ ಇಟ್ಟಿತು, ಸುಮಾರು 2,600 ಸಲಹೆಗಳು ಬಂದವು. ಒಂದನ್ನೂ ಹಾಗೇ ಬಳಸಲಿಲ್ಲ. ಆದರೆ ಬಹುಮಾನ ಪಡೆದವರಲ್ಲಿ ಬೆಂಜಮಿನ್ ಚೆವರ್ಟನ್ ಎಂಬ ಶಿಲ್ಪಿಯ ವಾದ ಗಟ್ಟಿಯಾಗಿತ್ತು: ಹೂಬಳ್ಳಿಯಲ್ಲಿ ಒಂದು ಎಲೆ ಹೆಚ್ಚುಕಮ್ಮಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಮನುಷ್ಯರ ಮುಖ ಕೂದಲೆಳೆಯಷ್ಟು ಬದಲಾದರೂ ನಮ್ಮ ಕಣ್ಣು ಹಿಡಿದುಬಿಡುತ್ತದೆ. ಮೂಗು ಒಂದಿಷ್ಟು ಮೊಂಡಾದರೆ, ತುಟಿ ಒಂದಿಷ್ಟು ಕೆಳಗಿಳಿದರೆ, "ಇವರು ಅವರಲ್ಲ" ಅನಿಸಿಬಿಡುತ್ತದೆ. ಅಂಚೆ ಗುಮಾಸ್ತನಿಗೆ ಭೂತಗನ್ನಡಿ ಕೊಡುವ ಖರ್ಚೂ ಉಳಿಯಿತು.

ಮೊದಲ ಸ್ಟಾಂಪಿನ ಮುಖ ಬರೆದವರು ಯಾರು?

ಒಬ್ಬರಲ್ಲ. ಪೆನ್ನಿ ಬ್ಲ್ಯಾಕ್, ಅಂದರೆ ಒಂದು ಪೆನ್ನಿ ಬೆಲೆಯ ಆ ಮೊದಲ ಕಪ್ಪು ಸ್ಟಾಂಪು, ಹೊರಬಂದದ್ದು 1840ರ ಮೇ 1ಕ್ಕೆ, ಬಳಕೆಗೆ ಬಂದದ್ದು ಮೇ 6ಕ್ಕೆ. ಅದರ ಮುಖ ನಾಲ್ಕು ಕೈ ದಾಟಿ ಬಂದಿದೆ. ವಿಲಿಯಂ ವಯನ್ ಎಂಬ ಪದಕ ಕೆತ್ತುವವರು ವಿಕ್ಟೋರಿಯಾಗೆ 15 ವರ್ಷವಿದ್ದಾಗ ನೋಡಿ ಬರೆದುಕೊಂಡಿದ್ದ ಚಿತ್ರದಿಂದ 1837ರ ಲಂಡನ್ ನಗರ ಭೇಟಿಯ ಪದಕ ಮಾಡಿದರು. ಆ ಪದಕ ನೋಡಿ ಹೆನ್ರಿ ಕಾರ್ಬೋಲ್ಡ್ ಚಿತ್ರ ಬರೆದರು. ಆ ಚಿತ್ರ ನೋಡಿ ಚಾರ್ಲ್ಸ್ ಹೀತ್ ಮತ್ತು ಮಗ ಫ್ರೆಡರಿಕ್ ಹೀತ್ ಉಕ್ಕಿನ ಮೇಲೆ ಕೆತ್ತಿದರು. ಪರ್ಕಿನ್ಸ್ ಬೇಕನ್ ಕಂಪನಿ ಅಚ್ಚು ಹಾಕಿತು. ಒಂದು ಹಾಳೆಗೆ 240 ಸ್ಟಾಂಪು, ಅಂದರೆ ಹಾಳೆಗೆ ಸರಿಯಾಗಿ ಒಂದು ಪೌಂಡು. ಸಾಲಿಗೆ 12, ಅಂದರೆ ಒಂದು ಶಿಲ್ಲಿಂಗ್. ಲೆಕ್ಕ ಮಾಡುವವರಿಗೆ ಸುಖ.

ಲೆನ್ಸ್ ಹಿಡಿದು ನೋಡಿದರೆ ಎರಡು ಬಗೆಯ ಗೆರೆ ಕಾಣುತ್ತದೆ. ಕೆನ್ನೆ, ಕತ್ತು, ಕೂದಲು ಎಲ್ಲಾ ಕೈಯ ಗೆರೆ. ಹಿಂದಿನ ನೆಲ ಮಾತ್ರ ಯಂತ್ರ ಸುತ್ತಿಸಿ ತೆಗೆದ ಜಾಲಿ. ಅದನ್ನು ಕೈಯಲ್ಲಿ ನಕಲು ಮಾಡುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಕೆಳಗಿನ ಎರಡು ಮೂಲೆಯಲ್ಲಿ ಅಕ್ಷರ ಇವೆ, ಹಾಳೆಯಲ್ಲಿ ಆ ಸ್ಟಾಂಪು ಯಾವ ಜಾಗದಲ್ಲಿತ್ತು ಅಂತ ಹೇಳುವುದಕ್ಕೆ. ಮೊದಲನೆಯದು ಎಎ, ಕೊನೆಯದು ಟಿಎಲ್. ಒಂದೇ ಸ್ಟಾಂಪನ್ನು ನಕಲು ಮಾಡಿ ಮಾರಿದರೆ ಎಲ್ಲದರಲ್ಲೂ ಒಂದೇ ಅಕ್ಷರ ಬಂದು ಸಿಕ್ಕಿಬೀಳಲಿ ಅಂತ. ಇಷ್ಟೆಲ್ಲ ಮಾಡಿ ಕೊನೆಗೆ ತೊಂದರೆ ಬಂದದ್ದು ಮೊಹರಿನಿಂದ. ಕಪ್ಪು ಸ್ಟಾಂಪಿನ ಮೇಲೆ ಹೊಡೆದ ಕೆಂಪು ಮೊಹರು ಸರಿಯಾಗಿ ಕಾಣುತ್ತಿರಲಿಲ್ಲ, ತೊಳೆದರೆ ಹೋಗುತ್ತಿತ್ತು. 1841ರಲ್ಲಿ ಸ್ಟಾಂಪನ್ನು ಕೆಂಪು ಮಾಡಿ ಮೊಹರನ್ನು ಕಪ್ಪು ಮಾಡಿದರು. ಮುಖಕ್ಕೆ ಮಾತ್ರ ಕೈ ಹಾಕಲಿಲ್ಲ.

ಕೆತ್ತುವುದು ಅಂದರೆ ನಿಜವಾಗಿ ಹೇಗೆ? ಅಷ್ಟು ಚಿಕ್ಕದಾಗಿಯೇ ಕೆತ್ತುತ್ತಾರಾ?

ಹೌದು, ಅಳತೆ ಅಷ್ಟೇ. ಮೆದುವಾಗಿಸಿದ ಉಕ್ಕಿನ ಚಪ್ಪಟೆ ತುಂಡು, ಚೂಪು ಉಳಿ, ಮೇಲೊಂದು ಭೂತಗನ್ನಡಿ. ಮುಖ ಉಲ್ಟಾ ಕೆತ್ತಬೇಕು, ಎಡಕ್ಕೆ ನೋಡುವ ರಾಣಿ ಉಕ್ಕಿನ ಮೇಲೆ ಬಲಕ್ಕೆ ನೋಡುತ್ತಿರುತ್ತಾಳೆ. ಬೂದು ಬಣ್ಣ ಅನ್ನುವುದೇ ಇಲ್ಲ. ಇರುವುದು ಒಂದೇ ಶಾಯಿ. ನೆರಳು ಗಾಢ ಆಗಬೇಕು ಅಂದರೆ ಗೆರೆ ಆಳ ಮಾಡಬೇಕು ಅಥವಾ ಹತ್ತಿರ ಹತ್ತಿರ ತರಬೇಕು. ಕೆನ್ನೆಯ ಮೇಲೆ ಗೆರೆ ಸಣ್ಣದಾಗುತ್ತಾ ಹೋಗಿ ಚುಕ್ಕಿಯಾಗುತ್ತದೆ, ಚುಕ್ಕಿ ವಿರಳವಾಗಿ ಬಿಳಿ ಕಾಗದ ಉಳಿಯುತ್ತದೆ. ಮೂಗಿನ ತುದಿಯ ಹೊಳಪು ಅಂದರೆ ಅಲ್ಲಿ ಏನೂ ಕೆತ್ತದೆ ಬಿಟ್ಟ ಜಾಗ, ಅಷ್ಟೇ. ತಪ್ಪಿದರೆ ಅಳಿಸುವ ರಬ್ಬರ್ ಇಲ್ಲ.

ಕೆತ್ತಿದ ತುಂಡನ್ನು ಕಾಯಿಸಿ ಗಟ್ಟಿ ಮಾಡುತ್ತಾರೆ. ಅದರ ಮೇಲೆ ಮೆದು ಉಕ್ಕಿನ ಉರುಳೆ ಒತ್ತಿ ಮುಖವನ್ನು ಎತ್ತಿಕೊಳ್ಳುತ್ತಾರೆ. ಉರುಳೆಯನ್ನೂ ಗಟ್ಟಿ ಮಾಡಿ, ದೊಡ್ಡ ತಗಡಿನ ಮೇಲೆ 240 ಸಲ ಒತ್ತುತ್ತಾರೆ. ಹಾಗಾಗಿ ಪ್ರತಿ ಸ್ಟಾಂಪೂ ಆ ಒಂದೇ ಕೆತ್ತನೆಯ ಮಕ್ಕಳು-ಮೊಮ್ಮಕ್ಕಳು. ವರ್ಷಗಟ್ಟಲೆ ಬಳಸಿ ಗೆರೆ ಸವೆದಾಗ 1855ರಲ್ಲಿ ವಿಲಿಯಂ ಹಂಫ್ರಿಸ್ ವಿಕ್ಟೋರಿಯಾ ಮುಖದ ಗೆರೆಗಳನ್ನು ಮತ್ತೆ ಆಳ ಮಾಡಿದರು. ಕಣ್ಣಿನ ನೆರಳು ಹೆಚ್ಚಾಯಿತು, ರಾಣಿ ಸ್ವಲ್ಪ ಗಂಭೀರವಾದಳು. ಸಂಗ್ರಹಕಾರರು ಇವತ್ತಿಗೂ ಆ ಎರಡು ಮುಖಗಳನ್ನು ಬೇರೆ ಬೇರೆ ಇಡುತ್ತಾರೆ.

ಈ ಕೆಲಸದಲ್ಲಿ ನಮ್ಮ ಕಾಲಕ್ಕೆ ಹತ್ತಿರದ ದೊಡ್ಡ ಹೆಸರು ಚೆಸ್ವಾಫ್ ಸ್ಲಾನಿಯಾ. ಪೋಲೆಂಡಿನಲ್ಲಿ ಹುಟ್ಟಿ ಸ್ವೀಡನ್ನಿಗೆ ಹೋಗಿ ಅಲ್ಲಿನ ಅರಮನೆಯ ಕೆತ್ತನೆಗಾರ ಅನಿಸಿಕೊಂಡವರು. ಸಾವಿರಕ್ಕೂ ಹೆಚ್ಚು ಸ್ಟಾಂಪು ಕೆತ್ತಿದರು. ಸ್ವೀಡನ್, ಡೆನ್ಮಾರ್ಕ್, ಮೊನಾಕೊದ ರಾಜಮನೆತನಗಳು ಅವರ ಉಳಿಯ ಕೆಳಗೆ ಹಾದುಹೋಗಿವೆ. ಅವರ ಒಂದು ಮುಖ ಸಿಕ್ಕಿದರೆ ಕಣ್ಣುರೆಪ್ಪೆ ನೋಡಿ. ಉಳಿದದ್ದೆಲ್ಲ ಆಮೇಲೆ ನೋಡಿದರೂ ಆಗುತ್ತದೆ.

ಎಲ್ಲರೂ ಪಕ್ಕಕ್ಕೆ ತಿರುಗಿಯೇ ಯಾಕಿರುತ್ತಾರೆ? ಎದುರು ಮುಖ ಹಾಕಲಿಕ್ಕಾಗಲ್ವಾ?

ಹಾಕಬಹುದು, ಹಾಕಿದ್ದಾರೆ, ಪೆಟ್ಟೂ ತಿಂದಿದ್ದಾರೆ.

ಪಕ್ಕದಿಂದ ನೋಡಿದ ಮುಖಕ್ಕೆ ಒಂದು ಅನುಕೂಲ ಇದೆ. ಹಣೆ, ಮೂಗು, ತುಟಿ, ಗಲ್ಲ, ಎಲ್ಲಾ ಒಂದೇ ಹೊರಗೆರೆಯಲ್ಲಿ ಸಿಗುತ್ತದೆ. ಒಳಗೆ ಏನೂ ತುಂಬದಿದ್ದರೂ ಗುರುತು ಸಿಗುತ್ತದೆ. ಎದುರು ಮುಖ ಅಥವಾ ಅರ್ಧ ತಿರುಗಿದ ಮುಖಕ್ಕೆ ಆ ಹೊರಗೆರೆ ಇಲ್ಲ, ಎಲ್ಲಾ ನೆರಳಿನಿಂದಲೇ ಬರಬೇಕು. ನೆರಳು ಬೇಕು ಅಂದರೆ ಅಚ್ಚಿನ ವಿಧಾನ ಅದಕ್ಕೆ ಒಗ್ಗಬೇಕು.

1911ರಲ್ಲಿ ಐದನೇ ಜಾರ್ಜ್ ಪಟ್ಟಾಭಿಷೇಕದ ದಿನ, ಜೂನ್ 22ಕ್ಕೆ, ಹೊಸ ಸ್ಟಾಂಪು ಬಂತು. ಡೌನಿ ಸ್ಟುಡಿಯೋದವರು ತೆಗೆದ ಫೋಟೋದಿಂದ ಮಾಡಿದ್ದು, ಮುಕ್ಕಾಲು ತಿರುಗಿದ ಮುಖ. ಫೋಟೋ ಚೆನ್ನಾಗಿಯೇ ಇತ್ತು. ಕೆತ್ತಿದ ಜೆ. ಎ. ಸಿ. ಹ್ಯಾರಿಸನ್ ಕೂಡ ಪಳಗಿದ ಕೈ. ಆದರೆ ಅಚ್ಚು ಹಾಕಿದ್ದು ಉಬ್ಬಚ್ಚಿನಲ್ಲಿ, ಅಂದರೆ ಎದ್ದು ನಿಂತ ಗೆರೆಗೆ ಶಾಯಿ ಮೆತ್ತಿ ಒತ್ತುವ ಅಗ್ಗದ, ವೇಗದ ವಿಧಾನ. ಸಣ್ಣ ಗೆರೆಗಳ ನಡುವೆ ಶಾಯಿ ತುಂಬಿಕೊಂಡಿತು. ಗಡ್ಡ, ಕೆನ್ನೆ, ಕಣ್ಣು ಎಲ್ಲ ಕಲಸಿಹೋಗಿ ಮುಖಕ್ಕೆ ಸೊಳ್ಳೆಪರದೆ ಕಟ್ಟಿದ ಹಾಗಾಯಿತು. ಪತ್ರಿಕೆಗಳು ಬೈದವು, ಜನ ನಕ್ಕರು. ಎಲ್ಲಕ್ಕಿಂತ ಕೆಟ್ಟದ್ದು ಏನೆಂದರೆ ರಾಜ ಸ್ವತಃ ಸ್ಟಾಂಪು ಸಂಗ್ರಹದ ಹುಚ್ಚಿನವರು. 1904ರಲ್ಲಿ, ಇನ್ನೂ ಯುವರಾಜರಾಗಿದ್ದಾಗಲೇ, ಮಾರಿಷಸ್ಸಿನ ಒಂದೇ ಒಂದು ಸ್ಟಾಂಪಿಗೆ 1,450 ಪೌಂಡು ಸುರಿದವರು. ಅವರಿಗೆ ಕೆಟ್ಟ ಅಚ್ಚು ಯಾವುದು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. 1912ರಲ್ಲಿ ಶಿಲ್ಪಿ ಬರ್ಟ್ರಮ್ ಮೆಕೆನಲ್ ಮಾಡಿದ ಪಕ್ಕದ ಮುಖ ಬಂತು, ಗಲಾಟೆ ನಿಂತಿತು.

ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ಸೋತದ್ದು ಕಲಾವಿದರಲ್ಲ. ಫೋಟೋಗೂ ಅಚ್ಚಿಗೂ ಜಾತಕ ಕೂಡಿಬರಲಿಲ್ಲ, ಅದನ್ನು ಯಾರೂ ಮೊದಲೇ ನೋಡಲಿಲ್ಲ.

ಹಾಗಾದರೆ ಎಲಿಜಬೆತ್ ರಾಣಿಯ ಹಳೆ ಸ್ಟಾಂಪಿನಲ್ಲಿ ಅರ್ಧ ತಿರುಗಿದ ಮುಖ ಇದೆಯಲ್ಲ?

ಇದೆ. 1952ರ ಡಿಸೆಂಬರ್ 5ರಿಂದ ಬಂದ ವೈಲ್ಡಿಂಗ್ ಸರಣಿ ಅದು. ಡೊರೊಥಿ ವೈಲ್ಡಿಂಗ್ ಎಂಬ ಫೋಟೋಗ್ರಾಫರ್ ತೆಗೆದ ಚಿತ್ರ. ಅಷ್ಟು ಹೊತ್ತಿಗೆ ಬ್ರಿಟನ್ನಿನಲ್ಲಿ ಫೋಟೋದ ನೆರಳನ್ನು ಉಳಿಸಿಕೊಳ್ಳುವ ಗ್ರಾವ್ಯೂರ್ ಅಚ್ಚು ಬಂದಿತ್ತು (1934ರಿಂದ), ಹಾಗಾಗಿ ಮುಖ ಸುಂದರವಾಗಿಯೇ ಬಂತು. ತೊಂದರೆ ಬೇರೆ ಕಡೆ. ಆ ಮುಖಕ್ಕೆ ಸುತ್ತ ಗಾಳಿ ಬೇಕು. ಸೇತುವೆಯದ್ದೋ ಕವಿಯದ್ದೋ ಚಿತ್ರ ಹಾಕಿದ ವಿಶೇಷ ಸ್ಟಾಂಪಿನ ಮೂಲೆಯಲ್ಲಿ ಅದನ್ನು ಇಟ್ಟರೆ, ಯಾರೋ ಕಿಟಕಿಯಿಂದ ಇಣುಕಿದ ಹಾಗೆ ಕಾಣುತ್ತಿತ್ತು. ಕಲಾವಿದರು ಹತ್ತು ವರ್ಷಕ್ಕೂ ಜಾಸ್ತಿ ಗೊಣಗಿದರು.

ಬರೀ ತಲೆ ಮತ್ತು ಬೆಲೆ ಇರುವ, ಬೇರೇನೂ ಇಲ್ಲದ ಆ ಸ್ಟಾಂಪು ಯಾರದ್ದು? ಅದೇ ಎಲ್ಲಾ ಕಡೆ ಸಿಗುತ್ತದಲ್ಲ?

ಮೇಚಿನ್. ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಬೇಡ ಅನಿಸಿದರೆ ಮುಂದಿನ ಪ್ರಶ್ನೆಗೆ ಹೋಗಿ.

ಆರ್ನಾಲ್ಡ್ ಮೇಚಿನ್ ಸ್ಟೋಕ್ ಆನ್ ಟ್ರೆಂಟ್‌ನವರು. ಪಿಂಗಾಣಿಯ ಊರು ಅದು. ಹುಡುಗನಾಗಿದ್ದಾಗ ಪಿಂಗಾಣಿ ಕಾರ್ಖಾನೆಯಲ್ಲಿ ಬಣ್ಣ ಹಾಕುವ ಕೆಲಸ ಕಲಿತವರು, ಆಮೇಲೆ ಶಿಲ್ಪಿಯಾದರು. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂದು ಜೈಲಿಗೂ ಹೋಗಿದ್ದರು. ಅಂಥವರಿಗೆ ರಾಣಿಯ ಮುಖ ಮಾಡುವ ಕೆಲಸ ಬಂತು, ಮೊದಲು ನಾಣ್ಯಕ್ಕೆ, ಆಮೇಲೆ ಸ್ಟಾಂಪಿಗೆ.

ಅವರು ಪೆನ್ಸಿಲ್ ಹಿಡಿಯುವ ಬದಲು ಜೇಡಿಮಣ್ಣು ಹಿಡಿದರು. ಉಬ್ಬುಶಿಲ್ಪ ಮಾಡಿ, ಅದನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಎರಕದ ಮೇಲೆ ಮತ್ತೆ ಕೆತ್ತಿ, ಮತ್ತೆ ಎರಕ ಹೊಯ್ದು, ಹೀಗೆ ತಿಂಗಳುಗಟ್ಟಲೆ ಒಂದೊಂದೇ ಗೆರೆ ಕಮ್ಮಿ ಮಾಡುತ್ತಾ ಹೋದರು. 1966ರಲ್ಲಿ ಜಾನ್ ಹೆಜ್‌ಕೋ ತೆಗೆದ ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡಿದ್ದರು. ತಲೆಯ ಮೇಲಿನ ವಜ್ರದ ಕಿರೀಟ ಆ ಫೋಟೋಗಳಿಂದ ಬಂದದ್ದು. ಕತ್ತು ಎಲ್ಲಿ ಮುಗಿಯಬೇಕು ಅನ್ನುವುದೇ ದೊಡ್ಡ ಚರ್ಚೆಯಾಯಿತು. ನಾಣ್ಯದಲ್ಲಿ ಕತ್ತನ್ನು ಸುಮ್ನೆ ಕತ್ತರಿಸಿ ಬಿಡಬಹುದು, ಸ್ಟಾಂಪಿನಲ್ಲಿ ಅದು ರುಂಡದ ಹಾಗೆ ಕಾಣುತ್ತದೆ ಅಲ್ವಾ? ರಾಣಿಗೆ ಬರಿ ಕತ್ತು ಹಿಡಿಸಲಿಲ್ಲ, ಕೆಳಗೆ ಉಡುಪಿನ ಅಂಚು ಸೇರಿಸಿದರು. ಕೊನೆಯ ಪ್ಲಾಸ್ಟರ್ ಎರಕಕ್ಕೆ ಬೆಳಕು ಬಿಟ್ಟು ಫೋಟೋ ತೆಗೆದು, ಆ ಫೋಟೋವನ್ನೇ ಸ್ಟಾಂಪು ಮಾಡಿದರು.

ಇದರಲ್ಲಿರುವ ಜಾಣತನ ನೋಡಿ. ಜೀವಂತ ಮುಖದ ಫೋಟೋದಲ್ಲಿ ಚರ್ಮ, ಕೂದಲು, ಲಿಪ್‌ಸ್ಟಿಕ್ಕು, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ಒಂದೇ ಶಾಯಿಯಲ್ಲಿ ಅಚ್ಚಾಗುವಾಗ ಇವೆಲ್ಲ ಜಗಳವಾಡುತ್ತವೆ. ಪ್ಲಾಸ್ಟರಿಗೆ ಇರುವುದು ಒಂದೇ ಬಣ್ಣ. ಹಾಗಾಗಿ ಸ್ಟಾಂಪಿನಲ್ಲಿ ಕಾಣುವ ನೆರಳೆಲ್ಲ ಬರೀ ಉಬ್ಬು-ತಗ್ಗಿನ ನೆರಳು. ಹಸಿರು, ನೇರಳೆ, ಕಿತ್ತಳೆ, ಯಾವ ಬಣ್ಣದಲ್ಲಿ ಅಚ್ಚು ಹಾಕಿದರೂ ಮುಖ ಕೆಡುವುದಿಲ್ಲ. 1967ರ ಜೂನ್ 5ರಂದು ಬಂದ ಮೊದಲ ಸ್ಟಾಂಪುಗಳಲ್ಲಿ ನಾಲ್ಕು ಪೆನ್ಸ್‌ನದು ಗಾಢ ಕಂದು, ಪೆನ್ನಿ ಬ್ಲ್ಯಾಕ್ ನೆನಪಾಗುವಂಥದು. ಅಲ್ಲಿಂದ ಮುಂದೆ 20 ಸಾವಿರ ಕೋಟಿಗೂ ಹೆಚ್ಚು ಪ್ರತಿ ಅಚ್ಚಾಗಿವೆ ಅನ್ನುತ್ತಾರೆ. ಬೇರೆ ಯಾವ ಮುಖವನ್ನೂ ಮನುಷ್ಯರು ಇಷ್ಟು ಸಲ ನೆಕ್ಕಿ ಅಂಟಿಸಿರಲಿಕ್ಕಿಲ್ಲ!

ರಾಣಿಗೆ ವಯಸ್ಸಾದರೂ ಸ್ಟಾಂಪಿನಲ್ಲಿ ವಯಸ್ಸಾಗಲಿಲ್ಲ, ಇದು ಮೋಸ ಅಲ್ವಾ?

ವಿಕ್ಟೋರಿಯಾ 81ನೇ ವಯಸ್ಸಿನಲ್ಲಿ, 1901ರಲ್ಲಿ ತೀರಿಕೊಂಡಾಗಲೂ ಬ್ರಿಟನ್ನಿನ ಸ್ಟಾಂಪಿನಲ್ಲಿ ಇನ್ನೂ ಹುಡುಗಿಯೇ. ಎಲಿಜಬೆತ್ 40ರ ಹೊತ್ತಿನ ಮುಖದಲ್ಲೇ 96ರವರೆಗೆ ಉಳಿದರು. ನಾಣ್ಯದಲ್ಲಿ ಮಾತ್ರ ಇಬ್ಬರಿಗೂ ವಯಸ್ಸಾಯಿತು, ಅದು ತಮಾಷೆ.

ಮೋಸ ಅನ್ನುವುದಕ್ಕಿಂತ, ಅಲ್ಲಿರುವುದು ವ್ಯಕ್ತಿಯಲ್ಲ, ಗುರುತು. ಮೇಚಿನ್‌ಗೆ ಬದಲಿ ಹುಡುಕುವ ಪ್ರಯತ್ನವೂ ನಡೆದಿತ್ತು, ಇದರಷ್ಟು ಒಳ್ಳೆಯದು ಬರಲಿಲ್ಲ. ಕೆನಡಾದವರು 1897ರಲ್ಲಿ ಒಂದು ಒಳ್ಳೆ ಉಪಾಯ ಮಾಡಿದರು. ವಿಕ್ಟೋರಿಯಾ ಪಟ್ಟಕ್ಕೆ ಬಂದು 60 ವರ್ಷವಾದಾಗ ಒಂದೇ ಸ್ಟಾಂಪಿನಲ್ಲಿ ಎಡಕ್ಕೆ ಹುಡುಗಿ ವಿಕ್ಟೋರಿಯಾ, ಬಲಕ್ಕೆ ಮುದುಕಿ ವಿಕ್ಟೋರಿಯಾ ಹಾಕಿದರು. ಇಬ್ಬರನ್ನೂ ಹಾಗೆ ಅಕ್ಕಪಕ್ಕ ನೋಡುವಾಗ ಸ್ವಲ್ಪ ಕಸಿವಿಸಿ ಆಗುತ್ತದೆ.

ಬ್ರಿಟನ್ ಸ್ಟಾಂಪಿನಲ್ಲಿ ದೇಶದ ಹೆಸರೇ ಇಲ್ಲ. ಅಚ್ಚಿನ ತಪ್ಪಾ?

ತಪ್ಪಲ್ಲ. ಮೊದಲು ಸ್ಟಾಂಪು ತಂದವರು ಅವರು. ಆಗ ಬೇರೆ ಯಾರದ್ದೂ ಇರಲಿಲ್ಲ, ಹೆಸರು ಯಾಕೆ ಬೇಕು? ಆಮೇಲೆ ಎಲ್ಲ ದೇಶಗಳೂ ಹೆಸರು ಹಾಕಬೇಕು ಅಂತ ಆದಾಗಲೂ ಅವರಿಗೆ ವಿನಾಯಿತಿ ಉಳಿಯಿತು. ರಾಜನ ತಲೆಯೇ ದೇಶದ ಹೆಸರು.

ಹಾಗಾಗಿ ಅಲ್ಲಿನ ಕಲಾವಿದರಿಗೆ ತಲೆ ಬಿಡುವ ಹಾಗಿಲ್ಲ. 1964ರಲ್ಲಿ ಟೋನಿ ಬೆನ್ ಅಂಚೆ ಮಂತ್ರಿಯಾದರು. ಎಡಪಂಥದವರು. ಡೇವಿಡ್ ಜೆಂಟಲ್‌ಮನ್ ಎಂಬ ಕಲಾವಿದರು ಅವರಿಗೆ ಕಾಗದ ಬರೆದರು, ಈ ತಲೆ ತೆಗೆದರೆ ಒಳ್ಳೆ ಸ್ಟಾಂಪು ಮಾಡಬಹುದು ಅಂತ. ಜೆಂಟಲ್‌ಮನ್ ತಲೆ ಇಲ್ಲದ ಡಿಸೈನುಗಳನ್ನು ಮಾಡಿಕೊಟ್ಟರು, ಬೆನ್ ಅವನ್ನು ಅರಮನೆಗೇ ತೆಗೆದುಕೊಂಡು ಹೋದರು. ಅಲ್ಲಿ ಪ್ರತಿಯೊಂದು ಸ್ಟಾಂಪಿನ ಡಿಸೈನೂ ರಾಜ-ರಾಣಿಯ ಒಪ್ಪಿಗೆಗೆ ಹೋಗಬೇಕು, ಅಂದರೆ ಇವರು ಹೋಗಿ ರಾಣಿಯ ಹತ್ತಿರವೇ "ನಿಮ್ಮ ತಲೆ ತೆಗೆಯೋಣವೇ" ಎಂದು ಕೇಳಿದ ಹಾಗಾಯಿತು! ರಾಣಿ ಒಪ್ಪಲಿಲ್ಲ. ಕೊನೆಗೆ ರಾಜಿಯಾಯಿತು. ಮೇರಿ ಗಿಲ್ಲಿಕ್ ನಾಣ್ಯಕ್ಕೆ ಮಾಡಿದ್ದ ತಲೆಯಿಂದ ಜೆಂಟಲ್‌ಮನ್ ಒಂದು ಪುಟ್ಟ ನೆರಳುಚಿತ್ರ ಮಾಡಿದರು. ಮೂಲೆಯಲ್ಲಿ ಅಡಗಿ ಕೂರುವಂಥದು, ಚಿತ್ರಕ್ಕೆ ಅಡ್ಡ ಬರುವುದಿಲ್ಲ. ವೈಲ್ಡಿಂಗ್ ಫೋಟೋದ ರಗಳೆ ಅಲ್ಲಿಗೆ ಮುಗಿಯಿತು.

ಯಾವಾಗಲೂ ಎಡಕ್ಕೇ ನೋಡುವುದು ಯಾಕೆ?

ಬ್ರಿಟನ್ನಿನ ನಾಣ್ಯದಲ್ಲಿ ಒಬ್ಬ ರಾಜ ಎಡಕ್ಕೆ ನೋಡಿದರೆ ಮುಂದಿನವರು ಬಲಕ್ಕೆ ನೋಡುವ ರೂಢಿ ಇದೆ. ಸ್ಟಾಂಪಿನಲ್ಲಿ ಎಲ್ಲರೂ ಎಡಕ್ಕೇ. ಡಿಸೈನಿನ ಕಣ್ಣಲ್ಲಿ ಇದು ಸರಿ. ಸ್ಟಾಂಪು ಅಂಟಿಸುವುದು ಲಕೋಟೆಯ ಬಲ ಮೇಲ್ಮೂಲೆಗೆ. ಎಡಕ್ಕೆ ತಿರುಗಿದ ಮುಖ ವಿಳಾಸದ ಕಡೆ ನೋಡುತ್ತದೆ. ಬಲಕ್ಕೆ ತಿರುಗಿಸಿದ್ದರೆ ಲಕೋಟೆ ಬಿಟ್ಟು ಹೊರಗೆ ಹೊರಟ ಹಾಗೆ ಕಾಣುತ್ತಿತ್ತು.

ರಾಜನ ಮುಖಕ್ಕೆ ಮೊಹರು ಗುದ್ದುವುದು ಅವಮಾನ ಅಂತ ಯಾರಿಗೂ ಅನಿಸಲಿಲ್ವಾ?

ಅನಿಸಿದೆ. ಸಿಸಿಲಿಯಲ್ಲಿ 1859ರಲ್ಲಿ ಎರಡನೇ ಫರ್ಡಿನಾಂಡ್ ರಾಜನ ಸ್ಟಾಂಪು ಬಂದಾಗ ಮೊಹರನ್ನೇ ಚೌಕಟ್ಟಿನ ಆಕಾರದಲ್ಲಿ ಮಾಡಿಸಿದರು. ನಡುವೆ ಖಾಲಿ. ಸುತ್ತ ಮಾತ್ರ ಶಾಯಿ ಬೀಳುತ್ತದೆ, ರಾಜನ ಮುಖಕ್ಕೆ ಮಸಿ ಹತ್ತುವುದಿಲ್ಲ. ಕೈ ಸ್ವಲ್ಪ ತಪ್ಪಿದರೆ ಕಿವಿಗೋ ಮೂಗಿಗೋ ಬೀಳುತ್ತಿತ್ತು, ಅದು ಬೇರೆ ಮಾತು. ಮಾರನೇ ವರ್ಷ ಇಟಲಿಯನ್ನು ಒಂದು ಮಾಡಲು ಹೊರಟಿದ್ದ ದಂಡನಾಯಕ ಗರಿಬಾಲ್ಡಿ ಬಂದ, ಆ ರಾಜ್ಯವೇ ಹೋಯಿತು.

ಜಪಾನಿನವರು ಇನ್ನೂ ಸುಲಭ ದಾರಿ ಹಿಡಿದರು, ಚಕ್ರವರ್ತಿಯ ಮುಖವನ್ನೇ ಹಾಕಲಿಲ್ಲ. 1871ರ ಮೊದಲ ಸ್ಟಾಂಪಿನಲ್ಲಿ ಡ್ರ್ಯಾಗನ್, ಆಮೇಲೆ ಸೇವಂತಿಗೆ ಲಾಂಛನ. 1959ರಲ್ಲಿ ಯುವರಾಜ ಅಕಿಹಿತೊ ಮದುವೆಯ ಸ್ಟಾಂಪಿನಲ್ಲಿ ಮದುಮಕ್ಕಳಿಬ್ಬರ ಮುಖ ಬಂತು.

ನಮ್ಮ ಕೆಲವು ಸಂಸ್ಥಾನಗಳಲ್ಲೂ ಹೀಗೇ. ತಿರುವಾಂಕೂರಿನಲ್ಲಿ 1888ರಿಂದ ಶಂಖ. ಭೋಪಾಲದಲ್ಲಿ ಆಳುತ್ತಿದ್ದವರು ಬೇಗಂಗಳು, ಅವರ ಮುಖದ ಬದಲು ನಡುವೆ ಕಾಗದವನ್ನೇ ಉಬ್ಬಿಸಿ ಒತ್ತಿದ ಹೆಸರು. ಹೈದರಾಬಾದ್ ನಿಜಾಮರದ್ದು ಮೊದಲಿಗೆ ಬರೀ ಅಕ್ಷರದ ಅಲಂಕಾರ, ಆಮೇಲೆ ಕಟ್ಟಡಗಳು.

ಮೈಸೂರು ಮಹಾರಾಜರ ಮುಖದ ಅಂಚೆ ಚೀಟಿ ಇತ್ತಾ?

ಮೈಸೂರಿನವರು ಬಹಳ ಆಸೆಯಿಂದ ಕೇಳುವ ಪ್ರಶ್ನೆ ಇದು. ಉತ್ತರ: ಇರಲಿಲ್ಲ. ಮೈಸೂರು ಅಂಚೆ ಶುರುವಾದದ್ದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ. ಪೆನ್ನಿ ಬ್ಲ್ಯಾಕ್ ಬರುವುದಕ್ಕೆ 168 ವರ್ಷ ಮೊದಲು! ಆದರೆ ಅದು ತನ್ನದೇ ಅಂಚೆ ಚೀಟಿ ತರಲಿಲ್ಲ. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯ ಜೊತೆ ಸೇರಿಹೋಯಿತು. ಆಮೇಲೆ ಮೈಸೂರಿನ ಕಾಗದಕ್ಕೂ ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಮುಖಗಳೇ.

ಬೀದರ್, ಕಲಬುರಗಿ, ರಾಯಚೂರಿನ ಕಡೆಯವರಿಗೆ ಮಾತ್ರ ಬೇರೆ ಕಥೆ. ಆ ಜಿಲ್ಲೆಗಳು ನಿಜಾಮರ ಕೈಯಲ್ಲಿದ್ದವು. ಅಲ್ಲಿನ ಅಂಚೆ ಬೇರೆ, ಚೀಟಿ ಬೇರೆ. 1931ರ ಸರಣಿಯಲ್ಲಿ ಚಾರ್‌ಮಿನಾರ್ ಜೊತೆಗೆ 12 ಆಣೆಯ ಚೀಟಿಯಲ್ಲಿ ಬೀದರಿನ ಮಹಮೂದ್ ಗವಾನ್ ಮದರಸಾ ಇದೆ. ರಾಜನ ಮುಖ ಬರಬೇಕಾದ ಜಾಗದಲ್ಲಿ ನಮ್ಮ ಬೀದರ್ ಕೂತಿದೆ. ಮಹಾರಾಜರ ಚೀಟಿ ಇಲ್ಲವಲ್ಲ ಅಂತ ಬೇಸರ ಮಾಡಿಕೊಳ್ಳುವವರು ಅದನ್ನೊಮ್ಮೆ ಹುಡುಕಿ ನೋಡಿ.

ಭಾರತದ ವಿಕ್ಟೋರಿಯಾ ಸ್ಟಾಂಪು ಎಲ್ಲಿ ಅಚ್ಚಾಗುತ್ತಿತ್ತು?

1854ರ ಮೊದಲ ಸರಣಿ ಕಲ್ಕತ್ತೆಯಲ್ಲೇ, ಸರ್ವೇಯರ್ ಜನರಲ್ ಕಚೇರಿಯಲ್ಲಿ. ನಕ್ಷೆ ಅಚ್ಚು ಹಾಕುವ ಜಾಗ ಅದು. ಕ್ಯಾಪ್ಟನ್ ಥುಯಿಲಿಯರ್ ಮುಂದೆ ನಿಂತು ಮಾಡಿಸಿದರು. ಉಕ್ಕಲ್ಲ, ಕಲ್ಲಚ್ಚು. ಅರ್ಧ ಆಣೆಯದನ್ನು ಮೊದಲು ಕೆಂಪಿನಲ್ಲಿ ಶುರು ಮಾಡಿ, ಇಂಗ್ಲೆಂಡಿನಿಂದ ಬಂದ ಆ ಬಣ್ಣ ಮುಗಿದುಹೋಗಿ ನೀಲಿಗೆ ಬದಲಿಸಬೇಕಾಯಿತು. ನಾಲ್ಕು ಆಣೆಯದಕ್ಕೆ ಎರಡು ಬಣ್ಣ: ಕೆಂಪು ಚೌಕಟ್ಟು, ನೀಲಿ ತಲೆ. ಎರಡು ಸಲ ಅಚ್ಚು ಹಾಕಬೇಕು. ಒಂದಿಷ್ಟು ಹಾಳೆ ತಲೆಕೆಳಗಾಗಿ ಹೋಗಿ, ಚೌಕಟ್ಟು ನೆಟ್ಟಗೆ, ರಾಣಿ ಶೀರ್ಷಾಸನ! ಅಂಥವು ಕೆಲವೇ ಉಳಿದಿವೆ. ಅಜ್ಜನ ಪೆಟ್ಟಿಗೆಯಲ್ಲಿ ಅದು ಸಿಕ್ಕಿದರೆ ಮಾತ್ರ, ಮೊದಲಿಗೆ ಹೇಳಿದ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

1855ರಿಂದ ಅಚ್ಚಿನ ಕೆಲಸ ಲಂಡನ್ನಿನ ಡಿ ಲಾ ರೂ ಕಂಪನಿಗೆ ಹೋಯಿತು. ನಾಸಿಕ್‌ಗೆ ಬಂದದ್ದು 1920ರ ದಶಕದಲ್ಲಿ. 1937ರ ಆರನೇ ಜಾರ್ಜ್ ಸರಣಿ ನನಗೆ ಇಷ್ಟ. ರಾಜ ಒಂದು ಬದಿಗೆ ಸರಿದು, ಉಳಿದ ಜಾಗದಲ್ಲಿ ಟಪಾಲು ಓಟಗಾರ, ಎತ್ತಿನ ಗಾಡಿ, ಟಾಂಗಾ, ಒಂಟೆ, ರೈಲು, ಲಾರಿ. ರಾಜನಿಗೆ ಬದಿಗೆ ಸರಿಯುವುದು ಅಭ್ಯಾಸ ಆಗಲಿ ಅಂತಲೋ ಏನೋ.

ಫೋಟೋ, ಚಿತ್ರ ಏನೂ ಇಲ್ಲದ ರಾಣಿಯನ್ನು ಹೇಗೆ ಬರೆಯುತ್ತಾರೆ?

ಟಿಪ್ಪು ಸುಲ್ತಾನರ ಸ್ಟಾಂಪು 1974ರಲ್ಲಿ, ಕಿತ್ತೂರು ಚೆನ್ನಮ್ಮನದು 1977ರಲ್ಲಿ, ಉಳ್ಳಾಲದ ಅಬ್ಬಕ್ಕನದು 2003ರಲ್ಲಿ ಬಂತು. ಟಿಪ್ಪುಗೆ ಅವರ ಕಾಲದ ಚಿತ್ರಗಳಿವೆ. ಅಬ್ಬಕ್ಕ 16ನೇ ಶತಮಾನದವಳು, ಅವಳೆದುರು ಕೂತು ಯಾರೂ ಬರೆದದ್ದಿಲ್ಲ. ಇಂಥ ಕಡೆ ಮೂಗು-ಕಣ್ಣಿನ ಹೋಲಿಕೆ ಕೆಲಸಕ್ಕೆ ಬರುವುದಿಲ್ಲ. ಕತ್ತಿ, ಉಡುಗೆ, ನಿಲುವು, ಇವೇ ಗುರುತು. ಜನ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡ ಒಂದು ರೂಪ ಇರುತ್ತದಲ್ಲ, ಅದಕ್ಕೆ ತೀರಾ ದೂರ ಹೋದರೆ ಯಾರೂ ಒಪ್ಪುವುದಿಲ್ಲ.

ಡಿಸೈನಿನಿಂದ ದೊಡ್ಡ ಗಲಾಟೆ ಆದದ್ದು ಇದೆಯಾ?

ಸೆರ್ಬಿಯಾದ್ದು ಹೇಳಲೇಬೇಕು. 1903ರಲ್ಲಿ ಅಲ್ಲಿನ ರಾಜ ಅಲೆಕ್ಸಾಂಡರ್‌ನನ್ನು ಅರಮನೆಯಲ್ಲೇ ಕೊಂದರು. ಎದುರಾಳಿ ರಾಜಮನೆತನದ ಪೀಟರ್ ಪಟ್ಟಕ್ಕೆ ಬಂದ. 1904ರ ಪಟ್ಟಾಭಿಷೇಕದ ಸ್ಟಾಂಪಿನಲ್ಲಿ ಪೀಟರ್ ಮತ್ತು ಅವನ ಅಜ್ಜ ಕಾರಾಜಾರ್ಜರ ಮುಖಗಳು ಒಂದರ ಹಿಂದೊಂದು. ಮಾಡಿದ್ದು ಯೂಜೀನ್ ಮೂಶೋ, ಹೆಸರಾಂತ ಫ್ರೆಂಚ್ ಕೆತ್ತನೆಗಾರ. ಆಮೇಲೆ ಯಾರೋ ಸ್ಟಾಂಪನ್ನು ತಲೆಕೆಳಗು ಹಿಡಿದರು. ಎರಡು ಮುಖ ಸೇರುವ ಜಾಗದಲ್ಲಿ ಸತ್ತ ಅಲೆಕ್ಸಾಂಡರನ ಮುಖ ಕಾಣುತ್ತದೆ ಅಂತ ಸುದ್ದಿ ಹಬ್ಬಿತು. ಬೇಕಂತ ಮಾಡಿದ್ದು ಅಂದರು. ನೋಡುವವರಿಗೆ ಒಮ್ಮೆ ಹೇಳಿಬಿಟ್ಟರೆ ಆ ಮುಖ ಕಾಣದೇ ಇರುವುದು ಕಷ್ಟ, ಹೇಳದಿದ್ದರೆ ಕಾಣುವುದು ಕಷ್ಟ. ನನಗೆ ಕಾಕತಾಳೀಯ ಅನಿಸುತ್ತದೆ.

ನಾಣ್ಯದಲ್ಲೂ ಇಂಥದು ನಮ್ಮ ದೇಶದಲ್ಲೇ ಆಗಿದೆ. 1911ರ ರೂಪಾಯಿಯಲ್ಲಿ ಐದನೇ ಜಾರ್ಜ್ ಉಡುಪಿನ ಮೇಲಿದ್ದ ಪುಟ್ಟ ಆನೆ ಹಂದಿಯ ಹಾಗೆ ಕಂಡಿತು. ಸೊಂಡಿಲು ಗಿಡ್ಡ. ಜನ ಸಿಟ್ಟಾದರು, 1912ರಲ್ಲಿ ಆನೆಯನ್ನು ತಿದ್ದಬೇಕಾಯಿತು.

ಕಂಪ್ಯೂಟರ್ ಬಂದ ಮೇಲೆ ಏನು ಬದಲಾಯಿತು?

ಧೈರ್ಯ ಮಾಡಿದವರು ನೆದರ್ಲೆಂಡ್ಸ್‌ನವರು. 1981ರಲ್ಲಿ ಪೀಟರ್ ಸ್ಟ್ರೌಕೆನ್ ಕಂಪ್ಯೂಟರ್ ಬಳಸಿ ಬೇಯಾಟ್ರಿಕ್ಸ್ ರಾಣಿಯ ಮುಖವನ್ನು ಬರೀ ಚುಕ್ಕಿಗಳಲ್ಲಿ ಕಟ್ಟಿದರು. ಹತ್ತಿರ ಹಿಡಿದರೆ ಚುಕ್ಕಿ ಮಾತ್ರ, ದೂರ ಹಿಡಿದರೆ ರಾಣಿ.

ಬ್ರಿಟನ್ನಿನಲ್ಲಿ 2023ರ ಏಪ್ರಿಲ್ 4ರಿಂದ ಚಾರ್ಲ್ಸ್ ಸ್ಟಾಂಪು. ಮಾರ್ಟಿನ್ ಜೆನಿಂಗ್ಸ್ ನಾಣ್ಯಕ್ಕೆ ಮಾಡಿದ ತಲೆಯನ್ನೇ ಸ್ಟಾಂಪಿಗೆ ಹೊಂದಿಸಿದರು. ಕಿರೀಟ ಇಲ್ಲ, ಬರೀ ತಲೆ, ಸರಳ ನೆಲ. ಮೇಚಿನ್ ದಾರಿಯೇ. ಚೆನ್ನಾಗಿದೆ, ಆದರೆ ಪಕ್ಕದಲ್ಲಿ ಬಾರ್‌ಕೋಡ್ ಚೌಕ ಕೂತಿದೆಯಲ್ಲ, ಅದು ಕಣ್ಣಿಗೆ ಚುಚ್ಚುತ್ತದೆ. ಕಳ್ಳ ಅಚ್ಚು ಹಿಡಿಯುವ ಕೆಲಸ ಈಗ ಆ ಚೌಕದ್ದು, ಮುಖಕ್ಕೆ ಆ ಜವಾಬ್ದಾರಿ ಇಲ್ಲ.

ರಾಜ ತೀರಿಕೊಂಡರೆ ಅಚ್ಚಾದ ಸ್ಟಾಂಪು ಏನು ಮಾಡುತ್ತಾರೆ?

ಸಾಮಾನ್ಯವಾಗಿ ಮುಗಿಯುವವರೆಗೆ ಮಾರುತ್ತಾರೆ. 1910ರಲ್ಲಿ ಮಾತ್ರ ಏಳನೇ ಎಡ್ವರ್ಡ್‌ನ ಎರಡು ಪೆನ್ಸ್‌ನ ನೇರಳೆಗೆಂಪು ಸ್ಟಾಂಪು ಅಚ್ಚಾಗಿ ಸಿದ್ಧವಿತ್ತು, ಮೇ 6ಕ್ಕೆ ರಾಜ ತೀರಿಕೊಂಡರು. ಮಾರಾಟಕ್ಕೆ ಬಿಡಲೇ ಇಲ್ಲ, ಹೆಚ್ಚುಕಮ್ಮಿ ಎಲ್ಲವನ್ನೂ ನಾಶ ಮಾಡಿದರು. ಎಂಟನೇ ಎಡ್ವರ್ಡ್ ಸಾಯಲಿಲ್ಲ, ಪಟ್ಟ ಬಿಟ್ಟುಹೋದರು. 1936ರಲ್ಲಿ ಅವರ ಮುಖದ ಸ್ಟಾಂಪು ನಾಲ್ಕೇ ಬೆಲೆಯಲ್ಲಿ ಬಂತು. ಅದರ ಮೂಲ ಕಲ್ಪನೆ ಹ್ಯೂಬರ್ಟ್ ಬ್ರೌನ್ ಎಂಬ ಹದಿಹರೆಯದ ಹುಡುಗ ಕಳಿಸಿದ್ದು: ಫೋಟೋ, ಕಿರೀಟ, ಬೆಲೆ, ಮುಗಿಯಿತು. ಆ ಕಾಲದ ಬಳ್ಳಿ-ಹೂವಿನ ಚೌಕಟ್ಟುಗಳ ನಡುವೆ ಅದು ಇವತ್ತಿಗೂ ಹೊಸದಾಗಿ ಕಾಣುತ್ತದೆ.

ನಾನು ಕಲಾ ವಿದ್ಯಾರ್ಥಿ. ಇಂಥದೊಂದು ಮಾಡಿ ನೋಡಬೇಕು. ಎಲ್ಲಿಂದ ಶುರು ಮಾಡಲಿ?

ದೊಡ್ಡದಾಗಿ ಬರೆಯಿರಿ, ಆದರೆ ಅರ್ಧ ಗಂಟೆಗೊಮ್ಮೆ ಎರಡು ಸೆಂಟಿಮೀಟರಿಗೆ ಇಳಿಸಿ ಪ್ರಿಂಟ್ ತೆಗೆಯಿರಿ. ಸ್ಕ್ರೀನ್ ಮೇಲೆ ಚಿಕ್ಕದು ಮಾಡಿ ನೋಡುವುದು ಲೆಕ್ಕಕ್ಕಿಲ್ಲ. ಬೆಳಕು ಒಂದೇ ಕಡೆಯಿಂದ ಬರಲಿ. ಮೊದಲು ಬರೀ ಕಪ್ಪು-ಬಿಳಿಯಲ್ಲಿ ಗುರುತು ಸಿಗುತ್ತದಾ ನೋಡಿ, ಸಿಗದಿದ್ದರೆ ನೆರಳು ಸೇರಿಸಿ ಉಳಿಸಲು ಹೋಗಬೇಡಿ, ಹೊರಗೆರೆ ತಿದ್ದಿ. ಒಡವೆಯಲ್ಲಿ ಒಂದನ್ನು ಇಟ್ಟುಕೊಳ್ಳಿ, ಉಳಿದದ್ದು ಬಿಡಿ. ಮೈಸೂರು ಪೇಟ ಹಾಕಿದ ಒಡೆಯರನ್ನು ಮಾಡುವವರು ಸಾಮಾನ್ಯವಾಗಿ ಜರಿಯ ಒಂದೊಂದು ಎಳೆಯನ್ನೂ ಬರೆಯುತ್ತಾರೆ, ಚಿಕ್ಕದು ಮಾಡಿದಾಗ ಅದೆಲ್ಲ ಕಪ್ಪು ಮುದ್ದೆ. ಪೇಟದ ಸುತ್ತಿನ ಎರಡು ಮೂರು ಮಡಿಕೆ ಸಾಕು. ಬೆಲೆಯ ಅಂಕಿಗೆ ಮೊದಲೇ ಜಾಗ ಬಿಡಿ, ಆಮೇಲೆ ತುರುಕಿದರೆ ಗಲ್ಲದ ಕೆಳಗೆ ಬಂದು ಕೂರುತ್ತದೆ. ಕೊನೆಗೆ ಅದರ ಮೇಲೆ ಒಂದು ಕಪ್ಪು ಮೊಹರು ಹೊಡೆದು ನೋಡಿ. ಆಗಲೂ ಯಾರು ಅಂತ ಗೊತ್ತಾಗಬೇಕು.

ರಾಜನಲ್ಲದವರ ಮುಖ ಬರಬಹುದಾ? ನನ್ನದು?

ಈಗ ಸುಲಭ. ಭಾರತೀಯ ಅಂಚೆಯ ಮೈ ಸ್ಟಾಂಪ್ ಯೋಜನೆ 2011ರಿಂದ ಇದೆ, ದುಡ್ಡು ಕಟ್ಟಿ ಫೋಟೋ ಕೊಟ್ಟರೆ ಸ್ಟಾಂಪಿನ ಪಕ್ಕದಲ್ಲಿ ನಿಮ್ಮ ಮುಖ ಅಚ್ಚು ಹಾಕಿಕೊಡುತ್ತಾರೆ. 1860ರಲ್ಲಿ ಇಷ್ಟು ಸುಲಭ ಇರಲಿಲ್ಲ. ಈಗ ಕೆನಡಾದಲ್ಲಿರುವ ನ್ಯೂ ಬ್ರನ್ಸ್‌ವಿಕ್‌ನ ಅಂಚೆ ಮುಖ್ಯಸ್ಥ ಚಾರ್ಲ್ಸ್ ಕಾನೆಲ್ ಐದು ಸೆಂಟ್ ಸ್ಟಾಂಪಿನಲ್ಲಿ ರಾಣಿಯ ಬದಲು ತನ್ನದೇ ಮುಖ ಹಾಕಿಸಿಕೊಂಡ. ಗದ್ದಲವಾಗಿ ರಾಜೀನಾಮೆ ಕೊಡಬೇಕಾಯಿತು, ಆ ಜಾಗಕ್ಕೆ ರಾಣಿ ಬಂದಳು.

ಇದನ್ನೆಲ್ಲ ಕಣ್ಣಾರೆ ನೋಡಬೇಕು ಅಂದರೆ?

ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಲೆನ್ಸ್, ಒಂದು ಚಿಮುಟ. ಬೆರಳಿನಿಂದ ಮುಟ್ಟಬೇಡಿ, ಎಣ್ಣೆ ಹತ್ತುತ್ತದೆ. ಬಳಸಿದ ಮೇಚಿನ್ ಸ್ಟಾಂಪುಗಳು ತೀರಾ ಅಗ್ಗ, ಬೆಂಗಳೂರಿನ ಸಂಗ್ರಹಕಾರರ ಹತ್ತಿರ ರಾಶಿಗಟ್ಟಲೆ ಇರುತ್ತವೆ. ಒಂದು ಮೇಚಿನ್, ಒಂದು ಕೆತ್ತನೆ ಅಚ್ಚಿನ ವಿಕ್ಟೋರಿಯಾ ಪೆನ್ನಿ ರೆಡ್, ಒಂದು ಐದನೇ ಜಾರ್ಜ್ ಭಾರತದ್ದು ಪಕ್ಕಪಕ್ಕ ಇಟ್ಟು ಕೆನ್ನೆ ಮಾತ್ರ ನೋಡಿ. ಒಂದರಲ್ಲಿ ಚುಕ್ಕಿ ಜಾಲ, ಒಂದರಲ್ಲಿ ಸಣ್ಣ ಗೆರೆ, ಒಂದರಲ್ಲಿ ದಪ್ಪ ಗೆರೆ ಕಾಣುತ್ತದೆ. ಪೆನ್ನಿ ರೆಡ್ ಕೂಡ ಕೋಟಿಗಟ್ಟಲೆ ಅಚ್ಚಾದದ್ದು, ಸಾಧಾರಣ ಪ್ರತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಹೊಸ ಬ್ರಿಟಿಷ್ ಸ್ಟಾಂಪುಗಳು ಸ್ಟಿಕ್ಕರಿನ ಥರ ಅಂಟುವಂಥವು. ಅವನ್ನು ಲಕೋಟೆಯಿಂದ ಬಿಡಿಸಲು ನೀರಿನಲ್ಲಿ ನೆನೆಸಿದರೆ ಹಳೆಯವುಗಳ ಹಾಗೆ ಸಲೀಸಾಗಿ ಬರುವುದಿಲ್ಲ. ಸುತ್ತ ಸ್ವಲ್ಪ ಕಾಗದ ಬಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.